ನಾವೆಯೂ ನಾವೇ: ಕಡಲಿಲ್ಲದ ಸಾದಲಿಯಲ್ಲಿ ಕಡಲ ಮಾತು

ಸಾದಲಿಯ ಆ ಮನೆಯಲ್ಲಿ ನಾವು ಚಹಾ ಕುಡಿಯುತ್ತಾ ಕೂತಿದ್ದಾಗ ಮಂಗಳೂರಿನಿಂದ ಫೋನ್ ಬಂತು. ಆ ಕಡೆ ಅಜ್ಜ, ಈ ಕಡೆ ಒಂಬತ್ತನೇ ಕ್ಲಾಸಿನ ಮೊಮ್ಮಗ. ಮನೆಯವರಿಗೆಲ್ಲ ಕೇಳಲಿ ಎಂದು ಸ್ಪೀಕರ್ ಹಾಕಿದ್ದರು.

"ಇವತ್ತು ಬಂದರಿನಲ್ಲಿ ಒಳ್ಳೆ ಕಾಣೆ ಸಿಕ್ಕಿತು ಮೋನೆ," ಎಂದರು ಅಜ್ಜ.

ಹುಡುಗ ಒಂದು ಕ್ಷಣ ಯೋಚಿಸಿದ. "ಸಿಕ್ಕಿತು ಅಂದ ಮೇಲೆ ಅದು ಕಾಣೆ ಹೇಗಾಗುತ್ತೆ ಅಜ್ಜ?"

ಆ ಕಡೆ ಸದ್ದಿಲ್ಲ. ಆಮೇಲೆ ಒಂದು ದೊಡ್ಡ ನಗು, ನಗುವಿನ ಹಿಂದೆಯೇ ಕೆಮ್ಮು. "ಎಂತ ಮಾರಾಯ ನೀನು! ಕಾಣೆ ಕಾಣೆಯಾದ್ರೆ ನಾನು ಎಂತ ತಿನ್ನುದು?" ಎಂದು ಅಜ್ಜನೂ ತಿರುಗಿಸಿ ಕೊಟ್ಟರು. ಹುಡುಗ ಬಿಡಲಿಲ್ಲ. "ಅಂಜಲ್ ತಿನ್ನಿ, ಅಂಜಲೇಬೇಡಿ." ಅಜ್ಜನೂ ಬಿಡಲಿಲ್ಲ. "ಅಂಜಲಿನ ರೇಟ್ ಕೇಳಿದ್ರೆ ಯಾರಾದ್ರೂ ಅಂಜಲೇಬೇಕು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗನ ಉಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಬಾಪ ಮಾತ್ರ ನಗಲಿಲ್ಲ. ಫೋನ್ ಇಟ್ಟ ಮೇಲೆ ನಮ್ಮ ಕಡೆ ತಿರುಗಿ, "ನೋಡಿ, ಇದೆಲ್ಲ ಆ ಗೇಮಿನ ಕಾಮಿಕ್‌ನಿಂದ ಬಂದ ಚಾಳಿ. ಪರೀಕ್ಷೆ ಹತ್ತಿರ ಬಂತು, ಇವನಿಗೆ ಮೀನಿನ ಜೋಕು," ಎಂದರು.

ನಾವು ಆ ಮನೆಗೆ ಹೋದದ್ದು ಬೇರೆ ಕೆಲಸಕ್ಕೆ. ಕರಾವಳಿಯಿಂದ ಬಯಲುಸೀಮೆಗೆ ಹೋಗಿ ನೆಲೆಸಿದ ನಮ್ಮವರ ಬದುಕಿನ ಬಗ್ಗೆ ನಾಲ್ಕು ಮಾತು ಕೇಳೋಣ ಎಂದು. ಆದರೆ ಆ ಫೋನು, ಆ ನಗು, ಆ ಬಾಪನ ಮುಖ, ಈ ಮೂರನ್ನು ನೋಡಿದ ಮೇಲೆ ಇದನ್ನೇ ಬರೆಯಬೇಕು ಅನ್ನಿಸಿತು.

ಮಾತು ಮೂರು ನಿಮಿಷಕ್ಕೆ ಮುಗಿಯುತ್ತಿತ್ತು

ಸಾದಲಿ ಎಂದರೆ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹೋಬಳಿ. ಮಂಗಳೂರಿನ ಬಂದರಿನಿಂದ ರಸ್ತೆಯಲ್ಲಿ ಹೋದರೆ 400 ಕಿಲೋಮೀಟರಿಗೂ ಹೆಚ್ಚು. ಸುತ್ತ ಹಿಪ್ಪುನೇರಳೆ ತೋಟ, ರಾಗಿ ಹೊಲ, ಕಲ್ಲುಬಂಡೆಯ ಗುಡ್ಡ. ವರ್ಷವಿಡೀ ಹರಿಯುವ ಹೊಳೆ ಈ ಕಡೆ ಒಂದೂ ಇಲ್ಲ. ಮಳೆ ಬಂದರೆ ಕೆರೆ, ಇಲ್ಲದಿದ್ದರೆ ಬೋರ್‌ವೆಲ್. ಆಂಧ್ರದ ಗಡಿ ಹತ್ತಿರ, ಹಾಗಾಗಿ ಸಂತೆಯಲ್ಲಿ ಕನ್ನಡದಷ್ಟೇ ತೆಲುಗು ಕೇಳಿಸುತ್ತದೆ. ಇಲ್ಲಿನ ಮುಸ್ಲಿಮರ ಮನೆಮಾತು ದಖನಿ ಉರ್ದು.

ಈ ಕುಟುಂಬ ಇಲ್ಲಿಗೆ ಬಂದು ಚಿಕ್ಕ ಹೋಟೆಲ್ ಹಾಕಿ ಹದಿನೈದು ವರ್ಷ ಕಳೆದಿದೆ. ಹುಡುಗ ಬೆಳೆದದ್ದೆಲ್ಲ ಇಲ್ಲೇ. ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಮಸೀದಿ ಬೀದಿಯಲ್ಲಿ ದಖನಿ, ಹೋಟೆಲಿನ ಗಿರಾಕಿಗಳ ಜೊತೆ ತೆಲುಗು. ಬ್ಯಾರಿ ಮಾತ್ರ ಬರುವುದಿಲ್ಲ. "ಚಿಕ್ಕವನಿರುವಾಗ ನಾವೇ ಮಾತಾಡ್ಲಿಲ್ಲ. ಇಲ್ಲಿ ಯಾರ ಹತ್ರ ಮಾತಾಡ್ತಾನೆ ಅಂತ ಬಿಟ್ಟೆವು," ಎಂದರು ಉಮ್ಮ. ಹೇಳುವಾಗ ಅವರ ದನಿ ತಗ್ಗಿತ್ತು.

ಅಜ್ಜ ಮಂಗಳೂರಿನ ಹಳೆ ಬಂದರಿನಲ್ಲಿ, ಲಕ್ಷದ್ವೀಪಕ್ಕೆ ಸರಕು ಸಾಗಿಸುವ ಮಂಜಿಯಲ್ಲಿ ದುಡಿದವರು. ಅವರಿಗೆ ಬ್ಯಾರಿ, ತುಳು ನೀರು ಕುಡಿದಷ್ಟು ಸಲೀಸು. ಕನ್ನಡ ವ್ಯವಹಾರಕ್ಕೆ ಬೇಕಾದಷ್ಟು. ಅಜ್ಜ ಮೊಮ್ಮಗನ ಫೋನು ವಾರಕ್ಕೊಮ್ಮೆ ಆಗುತ್ತಿತ್ತು. ಹುಷಾರಾ, ಹುಷಾರು. ಊಟ ಆಯ್ತಾ, ಆಯ್ತು. ನಮಾಜ್ ಮಾಡಿದ್ಯಾ, ಮಾಡಿದೆ. ಮೂರು ನಿಮಿಷಕ್ಕೆ ಮಾತು ಖಾಲಿ. ಇಬ್ಬರಿಗೂ ಪ್ರೀತಿ ಇತ್ತು, ಅದನ್ನು ಇಳಿಸಲು ಇಬ್ಬರಿಗೂ ಒಂದೇ ಕಟ್ಟೆ ಇರಲಿಲ್ಲ. ಎಷ್ಟೋ ಮನೆಗಳಲ್ಲಿ ಇದೇ ಕತೆ. ದುಬೈಯಲ್ಲಾದರೂ ಅಷ್ಟೇ, ಬೆಂಗಳೂರಲ್ಲಾದರೂ ಅಷ್ಟೇ.

ಈಗ ಆ ಫೋನು ಅರ್ಧ ಗಂಟೆ ನಡೆಯುತ್ತದೆ.

ಏನಿದು ಆ ಕಾಮಿಕ್?

ಬಾಪ ದೂರುತ್ತಿದ್ದ ಕಾಮಿಕ್‌ನ ಹೆಸರು 'ಹೋಮ್‌ಸ್ಟಕ್'. ಅಮೆರಿಕದ ಆಂಡ್ರ್ಯೂ ಹಸ್ಸಿ ಎಂಬವರು 2009ರ ಏಪ್ರಿಲ್ 13ರಂದು ಅಂತರ್ಜಾಲದಲ್ಲಿ ಶುರು ಮಾಡಿದ ಚಿತ್ರಕತೆ ಇದು. ಸರಿಯಾಗಿ ಏಳು ವರ್ಷಕ್ಕೆ, 2016ರ ಏಪ್ರಿಲ್ 13ರಂದು ಮುಗಿಯಿತು. ಅಷ್ಟರಲ್ಲಿ ಅದು 8,000 ಪುಟ ದಾಟಿತ್ತು. ನಮ್ಮ ಅಮರ ಚಿತ್ರಕಥೆಯ ಹಾಗೆ ಚೌಕಟ್ಟಿನಲ್ಲಿ ಮಾತಿನ ಗುಳ್ಳೆ ಇರುವ ಕಾಮಿಕ್ ಅಲ್ಲ. ಒಂದು ಚಿತ್ರ, ಕೆಳಗೆ ಬರಹ, ನಡುನಡುವೆ ಪಾತ್ರಗಳು ಕಂಪ್ಯೂಟರಿನಲ್ಲಿ ಹರಟುವ ಉದ್ದುದ್ದ ಮಾತು, ಅಲ್ಲಲ್ಲಿ ಚಲಿಸುವ ಚಿತ್ರ, ಹಾಡು, ಓದುಗರೇ ಆಡಬಹುದಾದ ಪುಟ್ಟ ಆಟ.

ಕತೆ ಒಂದು ಕಂಪ್ಯೂಟರ್ ಗೇಮಿನದ್ದು. ಜಾನ್, ರೋಸ್, ಡೇವ್, ಜೇಡ್ ಎಂಬ ನಾಲ್ಕು ಮಕ್ಕಳು ಸೇರಿ ಒಂದು ಆಟ ಆಡಲು ಹೊರಡುತ್ತಾರೆ. ಆಟ ಶುರುವಾದರೆ ಆಕಾಶದಿಂದ ಉಲ್ಕೆ ಬೀಳಲು ತೊಡಗಿ ಅವರ ಭೂಮಿಯೇ ನಾಶವಾಗುತ್ತದೆ. ಮಕ್ಕಳು ಬೇರೆ ಲೋಕಕ್ಕೆ ಹೋಗಿ ಹೊಸ ಜಗತ್ತು ಕಟ್ಟಬೇಕು. ಶುರುವಿನಲ್ಲಿ, ಮುಂದೇನು ಮಾಡಬೇಕು ಎಂಬುದನ್ನು ಓದುಗರೇ ಬರೆದು ಕಳುಹಿಸುತ್ತಿದ್ದರು. ಹಸ್ಸಿ ಅದರಂತೆ ಕತೆ ತಿರುಗಿಸುತ್ತಿದ್ದರು. ಹಳೆಯ ಕಾಲದ ಅಕ್ಷರದ ಗೇಮುಗಳಲ್ಲಿ 'ಬಾಗಿಲು ತೆರೆ', 'ದೀಪ ತೆಗೆದುಕೋ' ಎಂದು ಟೈಪ್ ಮಾಡಿ ಆಡುತ್ತಿದ್ದರಲ್ಲ, ಅದೇ ರೀತಿ. ಹಾಗಾಗಿ ಓದುಗರಿಗೆ ಇದು ನಮ್ಮದೇ ಕತೆ ಅನ್ನಿಸಿಬಿಟ್ಟಿತು. 2012ರಲ್ಲಿ ಇದರ ಹೆಸರಲ್ಲಿ ಒಂದು ಗೇಮ್ ಮಾಡುತ್ತೇವೆ, ದುಡ್ಡು ಕೊಡಿ ಎಂದು ಕೇಳಿದಾಗ ಅಭಿಮಾನಿಗಳು ಸುಮಾರು 24 ಲಕ್ಷ 85 ಸಾವಿರ ಡಾಲರ್ ಹಾಕಿದರು. ಕೇಳಿದ್ದು ಏಳು ಲಕ್ಷ.

ಈ ಕತೆಯಲ್ಲಿ ಮನುಷ್ಯ ಮಕ್ಕಳಲ್ಲದೆ ಬೇರೆ ಗ್ರಹದ ಹನ್ನೆರಡು ಮಕ್ಕಳೂ ಬರುತ್ತಾರೆ, ಹನ್ನೆರಡು ರಾಶಿಗೆ ಒಬ್ಬೊಬ್ಬರು. ಅವರಲ್ಲಿ ಇಬ್ಬರು ಕಡಲಿನವರು. ಮೀನ ರಾಶಿಯ ಹುಡುಗಿಯ ಹೆಸರು ಫೆಫೆರಿ ಪೇಶೆಸ್. 'ಪೇಶೆ' ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಮೀನು. ಮುಂದೆ ಬರುವ ಅವಳ ಕುಲದವಳೊಬ್ಬಳ ಹೆಸರು ಮೀನಾ. ಅದನ್ನು ಕೇಳಿದ ಕೂಡಲೇ ನಮ್ಮ ಕನ್ನಡದ ಕಿವಿಗೆ ಅದು ಮೀನೇ.

ಈ ಫೆಫೆರಿ ಮಾತಾಡಿದರೆ ಮೀನಿನ ಶ್ಲೇಷೆ. ಇಂಗ್ಲಿಷಿನಲ್ಲಿ 'ಖಂಡಿತ' ಎನ್ನುವ 'ಶೂರ್' ಅವಳ ಬಾಯಲ್ಲಿ 'ಶೋರ್' ಆಗುತ್ತದೆ, ಅಂದರೆ ಕಡಲ ತೀರ. 'ನಿಜವಾಗಿ' ಎನ್ನುವ 'ರಿಯಲಿ' ಹೋಗಿ 'ರೀಲಿ' ಆಗುತ್ತದೆ, ಅಂದರೆ ಗಾಳದ ದಾರ ಸುತ್ತುವ ರಾಟೆ. ಅಕ್ಷರಗಳನ್ನೂ ಬಿಡುವುದಿಲ್ಲ, ಒಂದು ಅಕ್ಷರವನ್ನು ಮೀನ ರಾಶಿಯ ಗುರುತಿನ ಹಾಗೆ, ಇನ್ನೊಂದನ್ನು ತ್ರಿಶೂಲದ ಹಾಗೆ ಬರೆಯುತ್ತಾಳೆ. ಇದನ್ನು ಓದಿದ ಮಕ್ಕಳು ಸುಮ್ಮನಿರುತ್ತಾರೆಯೇ? ಕಾಮಿಕ್ ಬಗ್ಗೆ ಇಬ್ಬರು ಮಾತಿಗೆ ಕೂತರೆ ಸಾಕು, ಒಬ್ಬ 'ಸೀ' ಎಂದರೆ ಅದು ನೋಡುವುದೂ ಹೌದು, ಸಮುದ್ರವೂ ಹೌದು. ಇನ್ನೊಬ್ಬ 'ವೇಲ್' ಎನ್ನುತ್ತಾನೆ. ಅದು 'ಸರಿ' ಎನ್ನುವ 'ವೆಲ್' ಕೂಡ, ತಿಮಿಂಗಿಲವೂ ಕೂಡ. ಯಾರ ಹತ್ತಿರ ಮೊದಲು ಪದ ಮುಗಿಯುತ್ತದೋ ಅವನು ಸೋತ. ಕತೆಯ ಚರ್ಚೆ ಎಲ್ಲೋ ಹೋಗಿ ಬರೀ ಪದದ ಪಂದ್ಯ ಉಳಿಯುತ್ತದೆ.

ಸಾದಲಿಯ ನಮ್ಮ ಹುಡುಗನಿಗೂ ಶಾಲೆಯ ಇಬ್ಬರು ಗೆಳೆಯರಿಗೂ ಹತ್ತಿದ ಗೀಳು ಇದು. ಇಂಗ್ಲಿಷಿನಲ್ಲಿ ಆಡಿ ಆಡಿ ಸಾಕಾದ ಮೇಲೆ, 'ನಮ್ಮ ಭಾಷೆಯಲ್ಲಿ ಯಾಕಾಗಬಾರದು' ಎಂದು ಹೊರಟರು. ಕಡಲು ನೋಡದ ಮಕ್ಕಳಿಗೆ ಕಡಲ ಪದ ಎಲ್ಲಿಂದ ಬರಬೇಕು? ಆಗ ಇವನಿಗೆ ಅಜ್ಜನ ನೆನಪಾಯಿತು.

ರೀಲ್ ಊರಿನ ಹುಡುಗರು

ಒಂದು ಪದ ಮಾತ್ರ ಅವರಿಗೆ ಊರಲ್ಲೇ ಸಿಕ್ಕಿತ್ತು. ಶಿಡ್ಲಘಟ್ಟ ಎಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಗೂಡನ್ನು ಬಿಸಿನೀರಿಗೆ ಹಾಕಿ ಎಳೆ ಬಿಚ್ಚುವವರನ್ನು ಸರಕಾರದ ಕಾಗದದಲ್ಲಿ 'ನೂಲು ಬಿಚ್ಚಾಣಿಕೆದಾರರು' ಎಂದು ಬರೆಯುತ್ತಾರೆ. ಊರಲ್ಲಿ ಎಲ್ಲರೂ ಕರೆಯುವುದು 'ರೀಲರ್' ಎಂದೇ. ಆ ಕೆಲಸದಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಗೆಳೆಯರಲ್ಲಿ ಒಬ್ಬನ ತಂದೆಯೂ ರೀಲರ್. "ಸಾರ್, ಫೆಫೆರಿ ರೀಲಿ ಅಂತಾಳೆ, ಇವ್ನು ರಿಯಲ್ಲಾಗಿ ರೀಲು ಸಾರ್," ಎಂದು ನಮಗೆ ಪರಿಚಯ ಮಾಡಿಸಿದರು. "ರೀಲ್ ಬಿಡ್ಬೇಡ" ಎಂದ ಇನ್ನೊಬ್ಬ. ಮೊಬೈಲಿನ ರೀಲ್ಸ್ ಬೇರೆ ಉಂಟು. ಒಂದೇ ಪದದಲ್ಲಿ ಗಾಳ, ರೇಷ್ಮೆ, ಸುಳ್ಳು, ಮೊಬೈಲು ನಾಲ್ಕೂ.

ನಾವು ಅವರಿಗೆ ಒಂದು ವಿಷಯ ಹೇಳಿದೆವು, ಅದು ಅವರಿಗೂ ಹೊಸದು. ನೈಲಾನ್ ಬರುವ ಮೊದಲು ಗಾಳದ ಕೊಕ್ಕೆಗೆ ಕಟ್ಟುವ ತೆಳ್ಳಗಿನ ಎಳೆಯನ್ನು ರೇಷ್ಮೆಹುಳುವಿನಿಂದಲೇ ಮಾಡುತ್ತಿದ್ದರು. ಗೂಡು ಕಟ್ಟುವುದಕ್ಕೆ ಸ್ವಲ್ಪ ಮೊದಲು ಹುಳುವನ್ನು ವಿನೆಗರಿನಲ್ಲಿ ನೆನೆಸಿ, ಅದರ ರೇಷ್ಮೆಯ ಗ್ರಂಥಿಯನ್ನು ತೆಗೆದು ಉದ್ದಕ್ಕೆ ಎಳೆದು ಒಣಗಿಸಿದರೆ ನೀರಿನಲ್ಲಿ ಕಾಣಿಸದಂಥ ಗಟ್ಟಿ ದಾರ. ಸ್ಪೇನಿನ ಮುರ್ಸಿಯಾ ಪ್ರದೇಶ ಇದಕ್ಕೆ ಹೆಸರಾಗಿತ್ತು. ಅಂದರೆ ರೇಷ್ಮೆಯ ಊರಿಗೂ ಮೀನಿನ ಊರಿಗೂ ಹಿಂದಿನಿಂದಲೇ ಒಂದು ದಾರ ಇತ್ತು. "ಹಾಗಾದ್ರೆ ನಮ್ ಹುಳ ಹೋಗಿ ನಿಮ್ ಅಜ್ಜನ ಮೀನ್ ಹಿಡಿಯೋದಾ!" ಎಂದು ರೀಲರ್ ಮಗ ಕುಣಿದ.

ಅಜ್ಜನ ಪದ, ಮೊಮ್ಮಗನ ಪಂದ್ಯ

ಹುಡುಗ ಒಂದು ನೋಟ್‌ಬುಕ್ ಮಾಡಿದ್ದಾನೆ. ಅಜ್ಜ ಫೋನಿನಲ್ಲಿ ಹೇಳಿದ್ದು ಎಡಕ್ಕೆ, ಇವರು ಕಟ್ಟಿದ ಜೋಕು ಬಲಕ್ಕೆ. ನಾವು ಅದನ್ನು ತಿರುವಿ ನೋಡಿದೆವು.

'ಹುಟ್ಟು' ಎಂದರೆ ಜನನ. ದೋಣಿ ನಡೆಸುವ ಹುಟ್ಟು ಕೂಡ ಅದೇ. ಹಾಗಾದರೆ ದೋಣಿಯವನು ದಿನವಿಡೀ ಹುಟ್ಟುಹಾಕುತ್ತಲೇ ಇರುತ್ತಾನೆ. 'ತೆರೆ' ಎಂದರೆ ಅಲೆ, ಪರದೆ, ಬಾಗಿಲು ತೆರೆಯುವುದು ಮೂರೂ. ಮೊಬೈಲಿನ ತೆರೆಯಲ್ಲಿ ಮುಳುಗಿದವರು ನಾವು ಎಂದು ಬರೆದಿದ್ದ. 'ಜಾಲ' ಎಂದರೆ ಬಲೆ. ಅಂತರ್ಜಾಲದಲ್ಲಿ ಬಿದ್ದ ಮೇಲೆ ಮೀನಾಗದೆ ಉಂಟೇ? 'ಬೂತಾಯಿ'ಯ ಕೆಳಗೆ ಒಂದು ಭೂಪಟದ ಚಿತ್ರ, "ಭೂತಾಯಿಯನ್ನು ಹುರಿದು ತಿನ್ನುವವರು ಮಂಗಳೂರಿನವರು ಮಾತ್ರ" ಎಂಬ ಬರಹ. ಕ್ರಿಕೆಟಿನ ಧೋನಿ, ಹೊಳೆಯ ದೋಣಿ ಇರಲೇಬೇಕಲ್ಲ, ಇತ್ತು.

ಎಲ್ಲಕ್ಕಿಂತ ನಮ್ಮ ಮನಸ್ಸು ಹಿಡಿದದ್ದು ಮೊದಲ ಪುಟದ ಪದ. ಕನ್ನಡದಲ್ಲಿ 'ನಾವೆ' ಎಂದರೆ ದೋಣಿ. ಉರ್ದುವಿನಲ್ಲಿ 'ನಾವ್', ತೆಲುಗಿನಲ್ಲಿ 'ನಾವ'. ಸ್ವಲ್ಪ ಎಳೆದು 'ನಾವೇ' ಎಂದರೆ ನಾವೇ! ಕನ್ನಡದ, ದಖನಿಯ, ತೆಲುಗಿನ ಮೂರು ಹುಡುಗರು ಸೇರಿ ಕಂಡುಹಿಡಿದ ಶ್ಲೇಷೆ ಇದು. ಮೂವರ ಮನೆಯಲ್ಲೂ ಅರ್ಥವಾಗುತ್ತದೆ. "ಈ ನಾವೆಯಲ್ಲಿ ಯಾರಿದ್ದೀರಿ?" "ನಾವೇ!" ಎಂದು ಶಾಲೆಯ ಬಸ್ಸಿನಲ್ಲಿ ಕೂಗುತ್ತಾರಂತೆ.

ಈ ಪದದ ಹಾದಿ ಹಿಡಿದು ಹೋದರೆ ಇನ್ನೂ ಉಂಟು. ಹಡಗಿನ ಯಜಮಾನನಿಗೆ ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ 'ನಾಖುದಾ' ಎನ್ನುತ್ತಿದ್ದರು. ಪಾರ್ಸಿಯಲ್ಲಿ 'ನಾವ್' ಎಂದರೆ ನಾವೆ, 'ಖುದಾ' ಎಂದರೆ ಒಡೆಯ. ಉರ್ದು ಕವಿಗಳಿಗೆ ಖುದಾ ಮತ್ತು ನಾಖುದಾ ಎಂಬ ಜೋಡಿಪದದ ಮೇಲೆ ಎಷ್ಟು ಪ್ರೀತಿ ಎಂಬುದು ಆ ಭಾಷೆ ಬಲ್ಲವರಿಗೆ ಗೊತ್ತು. 'ಬಂದರು', 'ಲಂಗರು' ಎರಡೂ ಪಾರ್ಸಿಯಿಂದಲೇ ಬಂದವು. ಲಂಗರ್ ಎಂದರೆ ಹಡಗನ್ನು ನಿಲ್ಲಿಸುವ ಕಬ್ಬಿಣವೂ ಹೌದು, ಹಸಿದವರನ್ನು ನಿಲ್ಲಿಸಿ ಊಟ ಹಾಕುವ ಅಡುಗೆಮನೆಯೂ ಹೌದು.

ಮದ್ರಸದ ಉಸ್ತಾದರನ್ನು ನಾವು 'ಮುಅಲ್ಲಿಂ' ಎನ್ನುತ್ತೇವೆ. ಅರಬಿ ಕಡಲಿನ ಹಳೆಯ ನಾವಿಕರ ನಡುವೆ, ನಕ್ಷತ್ರ ನೋಡಿ ಹಡಗಿಗೆ ದಾರಿ ತೋರಿಸುವವನನ್ನೂ ಮುಅಲ್ಲಿಂ ಎಂದೇ ಕರೆಯುತ್ತಿದ್ದರು. 'ನೂನ್' ಎಂಬುದು ನಾವು ಮದ್ರಸದಲ್ಲಿ ಕಲಿತ ಅಕ್ಷರ. ಅರಬಿಯಲ್ಲಿ ಅದಕ್ಕೆ ಮೀನು ಎಂಬ ಅರ್ಥವೂ ಇದೆ. ಮೀನಿನ ಹೊಟ್ಟೆಯಲ್ಲಿದ್ದ ಯೂನುಸ್ ಪ್ರವಾದಿಯವರಿಗೆ 'ದುನ್ನೂನ್' ಎಂಬ ಹೆಸರು ಬಂದದ್ದು ಅದರಿಂದಲೇ. ಇದನ್ನು ಹೇಳಿದಾಗ ಹುಡುಗ ನೋಟ್‌ಬುಕ್ ಎಳೆದುಕೊಂಡು ನೂನ್ ಅಕ್ಷರ ಬರೆದು, "ಇದು ನೋಡೋಕೂ ದೋಣಿ ಥರಾನೇ ಇದೆ, ಮೇಲೆ ಒಬ್ಬ ಕೂತಿದಾನೆ," ಎಂದ. ಅಕ್ಷರವನ್ನು ಚಿತ್ರವಾಗಿ ನೋಡುವ ಆ ಕಣ್ಣು ಅವನಿಗೆ ಫೆಫೆರಿಯಿಂದ ಬಂದದ್ದು.

ಇನ್ನು ನಮ್ಮ ಹೆಸರು. ಬ್ಯಾರಿ ಎಂಬ ಪದ ವ್ಯಾಪಾರದ 'ಬ್ಯಾರ'ದಿಂದ ಬಂತು ಎನ್ನುವವರಿದ್ದಾರೆ. ಸಮುದ್ರ ಎಂಬ ಅರ್ಥದ ಅರಬಿಯ 'ಬಹ್ರ್'ನಿಂದ ಬಂತು ಎನ್ನುವವರೂ ಇದ್ದಾರೆ. ವಿದ್ವಾಂಸರು ವಾದ ಮಾಡಲಿ. ಕಡಲಿನ ಮೇಲೆ ವ್ಯಾಪಾರ ಮಾಡಿ ಬದುಕಿದ ಜನರಿಗೆ ಎರಡೂ ಒಪ್ಪುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದಾರೆ ಎಂದು ಬರೆದರು. ಅವರೆಲ್ಲ ಬಂದರನ್ನು ನಂಬಿದವರೇ. ಅದೇ 'ಬಹ್ರ್' ಪದಕ್ಕೆ ಅರಬಿ, ಉರ್ದು ಕಾವ್ಯದಲ್ಲಿ ಛಂದಸ್ಸು ಎಂಬ ಅರ್ಥವೂ ಉಂಟು. ಹಾಗೆ ನೋಡಿದರೆ ನಮ್ಮ ಹೆಸರೇ ಒಂದು ಶ್ಲೇಷೆ.

ಮಾತಿನ ಆಟ ಕನ್ನಡಕ್ಕೇನು ಹೊಸದಲ್ಲ. 1942ರಲ್ಲಿ ರಾಶಿಯವರು 'ಕೊರವಂಜಿ' ಶುರು ಮಾಡಿದಾಗ ದೊಡ್ಡ ದೊಡ್ಡವರು ಅದರಲ್ಲಿ ಇದೇ ಆಟ ಆಡಿದರು. ನಾ. ಕಸ್ತೂರಿಯವರು ಪದಗಳಿಗೆ ತಲೆಕೆಳಗು ಅರ್ಥ ಕೊಟ್ಟು 'ಅನರ್ಥಕೋಶ' ಎಂಬ ಪುಸ್ತಕವನ್ನೇ ಮಾಡಿದರು. ಅವರು ಆಡಿದರೆ ಸಾಹಿತ್ಯ, ನಮ್ಮ ಮಕ್ಕಳು ಆಡಿದರೆ ಚಾಳಿ ಎನ್ನುವುದು ನ್ಯಾಯವಲ್ಲ.

ಬಾಪನ ಹೆದರಿಕೆ ಸುಳ್ಳಲ್ಲ

ಹಾಗೆಂದು ಬಾಪನ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ರಾತ್ರಿ ಹೋಟೆಲ್ ಮುಚ್ಚಿ ಬಂದ ಮೇಲೆ ಅವರು ನಮ್ಮ ಹತ್ತಿರ ಬಿಡಿಸಿ ಹೇಳಿದರು. ಅವರ ಪರಿಚಯದ ಒಬ್ಬ ಯುವಕ ಮೊಬೈಲಿನಲ್ಲಿ ದುಡ್ಡಿನ ಆಟ ಆಡಿ ಅಂಗಡಿಯ ಬಂಡವಾಳವನ್ನೇ ಕಳೆದುಕೊಂಡಿದ್ದ. "ಗೇಮ್ ಅನ್ನುವ ಪದ ಕೇಳಿದ್ರೆ ನನಗೆ ಎದೆ ಧಸಕ್ ಅನ್ನುತ್ತೆ. ಇವನು ಓದುದೂ ಗೇಮಿನ ಕತೆ ಅಂತ ಗೊತ್ತಾದಾಗ ಫೋನ್ ಕಿತ್ತುಕೊಂಡಿದ್ದೆ," ಎಂದರು. ಇಂಥ ನಷ್ಟ ಎಷ್ಟೋ ಮನೆಯಲ್ಲಿ ಆಗಿದೆ. ದುಡ್ಡು ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರಲ್ಲಿ ಕಾನೂನು ಮಾಡಿಯೇ ನಿಷೇಧಿಸಬೇಕಾಯಿತು.

ಆದರೆ ಗೇಮ್ ಬೇರೆ, ಜೂಜು ಬೇರೆ, ಗೇಮಿನ ಬಗ್ಗೆ ಬರೆದ ಕತೆ ಮತ್ತೂ ಬೇರೆ. ಮೂರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಮಕ್ಕಳು ನಮ್ಮ ಮಾತನ್ನು ನಂಬುವುದಿಲ್ಲ, ನಿಜವಾದ ಅಪಾಯ ಬಂದಾಗಲೂ ಹೇಳುವುದಿಲ್ಲ. ಹಾಗೆಯೇ ಇನ್ನೊಂದು ಮಾತನ್ನೂ ಮುಚ್ಚಿಡಬಾರದು: 'ಹೋಮ್‌ಸ್ಟಕ್' ಚಿಕ್ಕ ಮಕ್ಕಳ ಪುಸ್ತಕವಲ್ಲ. ಅದರಲ್ಲಿ ಬೈಗುಳ ಉಂಟು, ರಕ್ತ ಉಂಟು, ಸಾವು ಉಂಟು. ಹೈಸ್ಕೂಲಿನ ಮಕ್ಕಳು ಓದುತ್ತಿದ್ದರೂ ಹಿರಿಯರು ಒಮ್ಮೆ ಪಕ್ಕದಲ್ಲಿ ಕೂತು ನೋಡಬೇಕು. ನಮ್ಮ ಸಲಹೆಯ ಮೇಲೆ ಈ ಬಾಪ ಕೂತರು. ಹತ್ತು ಪುಟ ಓದಿಸಿಕೊಂಡು, "ತಲೆಬುಡ ಅರ್ಥ ಆಗ್ಲಿಲ್ಲ. ಆದ್ರೆ ದುಡ್ಡು ಕೇಳುದಿಲ್ಲ ಅಲ್ವಾ, ಅಷ್ಟು ಸಾಕು," ಎಂದರು. ಪರೀಕ್ಷೆ ಮುಗಿಯುವವರೆಗೆ ದಿನಕ್ಕೆ ಅರ್ಧ ಗಂಟೆ ಎಂದು ತೀರ್ಮಾನವಾಯಿತು. ಅಜ್ಜನ ಫೋನು ಆ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಹುಡುಗ ಗಲಾಟೆ ಮಾಡಿ ಒಪ್ಪಿಸಿಕೊಂಡ.

ಉಳಿಸುವವರು ಯಾರು?

ಆ ಕಾಮಿಕ್‌ನ ಕತೆಯಲ್ಲಿ ನಮಗೆ ಕಲಿಯುವಂಥದ್ದು ಇನ್ನೊಂದಿದೆ. ಅದರ ಚಲಿಸುವ ಚಿತ್ರಗಳು, ಆಟಗಳು 'ಫ್ಲ್ಯಾಶ್' ಎಂಬ ತಂತ್ರಾಂಶವನ್ನು ನಂಬಿದ್ದವು. 2020ರ ಕೊನೆಗೆ ಫ್ಲ್ಯಾಶ್ ನಿಂತುಹೋಯಿತು. ಪುಟಗಳು ಇದ್ದವು, ತೆರೆದರೆ ಏನೂ ಓಡದು. ಆಗ ಅಭಿಮಾನಿಗಳೇ ಕೂತು, ಎಲ್ಲವನ್ನೂ ಒಟ್ಟುಮಾಡಿ, ಮೊದಲಿನ ಹಾಗೆಯೇ ಓದಲು ಬರುವಂತೆ ಸಂಗ್ರಹ ಮಾಡಿಟ್ಟರು. ಯಾರೂ ಸಂಬಳ ಕೊಟ್ಟು ಹೇಳಿದ್ದಲ್ಲ.

ನಮ್ಮ ಮಾತಿಗೂ ಅದೇ ಗತಿ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆಯಿತು. 'ಬ್ಯಾರಿ' ಸಿನೆಮಾಕ್ಕೆ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರದ ಗೌರವ ಬಂತು. ಪುಸ್ತಕ, ನಿಘಂಟು, ಹಾಡು ಎಲ್ಲ ಬಂದಿವೆ. ಇದೆಲ್ಲ ಬೇಕು. ಆದರೆ ಮಂಜಿಯಲ್ಲಿ ದುಡಿದ ಒಬ್ಬ ಅಜ್ಜನ ಬಾಯಲ್ಲಿರುವ ಹಗ್ಗದ ಹೆಸರು, ಗಾಳಿಯ ಹೆಸರು, ಅಲೆಯ ಹೆಸರು ಅವರ ಮನೆಯವರು ಕೇಳಿ ಬರೆದುಕೊಳ್ಳದಿದ್ದರೆ ಯಾವ ನಿಘಂಟಿಗೂ ಬರುವುದಿಲ್ಲ. ಅಜ್ಜನಿಗೆ ಈಗ ಎಂಬತ್ತರ ಮೇಲೆ. ಕೆಮ್ಮು ಜಾಸ್ತಿಯಾಗಿದೆ. ಹುಡುಗನಿಗೆ ಅದು ಗೊತ್ತು, ಅದಕ್ಕೇ ಅವನಿಗೆ ಅವಸರ. "ಅಜ್ಜ ಒಂದ್ಸಲ ಹೇಳಿದ್ದನ್ನ ಇನ್ನೊಂದ್ಸಲ ಮರೀತಾರೆ. ಜೋಕ್ ಮಾಡಿದ್ರೆ ಮಾತ್ರ ನೆನಪಿಟ್ಕೋತಾರೆ," ಎಂದ.

ಶ್ಲೇಷೆ ಮಾಡಬೇಕಾದರೆ ಪದದ ಎರಡೂ ಮುಖ ಗೊತ್ತಿರಬೇಕು. ಕಾಣೆ ಒಂದು ಮೀನು ಎಂದು ಗೊತ್ತಿಲ್ಲದವನಿಗೆ ಆ ಜೋಕು ಜೋಕಲ್ಲ. ಹಾಗಾಗಿ ಈ ಹುಡುಗ ನಗಿಸಬೇಕೆಂದು ಹೊರಟು ಕಲಿಯುತ್ತಿದ್ದಾನೆ. ಇಷ್ಟು ದಿನ ಕಲಿಸಲಾಗದೆ ಸೋತ ಉಮ್ಮ ಈಗ ಫೋನಿನ ಪಕ್ಕ ಕೂತು, ಅಜ್ಜನ ಬ್ಯಾರಿ ಮಾತನ್ನು ಕನ್ನಡಕ್ಕೆ ಮಾಡಿ ಹೇಳುತ್ತಾರೆ. ಈಚೆಗೆ ಕೆಲವು ಮಾತಿಗೆ ಅವರ ಸಹಾಯ ಬೇಕಾಗುವುದಿಲ್ಲವಂತೆ.

ನೀರಿನ ಮಾತು

ಬರುವ ದಿನ ಬೆಳಿಗ್ಗೆ ಹುಡುಗರು ನಮ್ಮನ್ನು ಕೆರೆ ಏರಿಗೆ ಕರೆದುಕೊಂಡು ಹೋದರು. ಕೆರೆಯಲ್ಲಿ ಅಂಗಳದಷ್ಟು ನೀರಿತ್ತು. ನಮ್ಮ ಕರಾವಳಿಯಲ್ಲಿ ವರ್ಷಗಟ್ಟಲೆ ಚರ್ಚೆ, ಪ್ರತಿಭಟನೆ ಆದ ಎತ್ತಿನಹೊಳೆ ಯೋಜನೆ ನೆನಪಾಯಿತು. ಸಕಲೇಶಪುರದ ಕಡೆ ಹುಟ್ಟಿ, ಕುಮಾರಧಾರೆಯ ಮೂಲಕ ನೇತ್ರಾವತಿಗೆ ಸೇರಿ, ಮಂಗಳೂರಿನಲ್ಲಿ ಕಡಲಿಗೆ ಬೀಳುವ ನೀರಿನಲ್ಲಿ 24 ಟಿಎಂಸಿಯನ್ನು ಎತ್ತಿ ಈ ಕಡೆಗೆ ತರುವ ಯೋಜನೆ ಅದು. 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆ. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತಕ್ಕೆ ಚಾಲನೆ. ಅಲ್ಲಿಯವರಿಗೆ ನದಿ ಸೊರಗುವ ಭಯ, ಇಲ್ಲಿಯವರಿಗೆ ಕಾದು ಕಾದು ಸಾಕಾದ ಬೇಸರ. ಈ ಕುಟುಂಬಕ್ಕೆ ಎರಡೂ ಕಡೆ ನೆಂಟಸ್ತಿಕೆ. "ಮಂಗಳೂರಿಗೆ ಹೋದ್ರೆ ಬೇಡ ಅಂತಾರೆ, ಇಲ್ಲಿಗೆ ಬಂದ್ರೆ ಬೇಕು ಅಂತಾರೆ. ನಾನು ಎರಡೂ ಕಡೆ ಸುಮ್ನಿರ್ತೇನೆ," ಎಂದಿದ್ದರು ಬಾಪ.

ಏರಿಯ ಮೇಲೆ ಮೂವರೂ ನೋಟ್‌ಬುಕ್ಕಿನ ಹಾಳೆ ಹರಿದು ದೋಣಿ ಮಾಡಿ ಬಿಟ್ಟರು. ಯಾವ ಹಾಳೆ ಎಂದು ನಾವು ಗಾಬರಿಯಿಂದ ಕೇಳಿದೆವು. "ಹೆದರ್ಬೇಡಿ ಸಾರ್, ಲೆಕ್ಕದ ನೋಟ್ಸು," ಎಂದರು.

ಹೊರಡುವಾಗ ಹುಡುಗ ಒಂದು ಪ್ರಶ್ನೆ ಬರೆದ ಚೀಟಿ ಕೊಟ್ಟ. ಮಂಜಿಯ ಒಂದು ಹಗ್ಗಕ್ಕೆ ಅಜ್ಜ ಏನೋ ಹೆಸರು ಹೇಳಿದ್ದಾರೆ, ಅದು ಯಾವ ಹಗ್ಗ ಎಂದು ಫೋನಿನಲ್ಲಿ ಎಷ್ಟು ವಿವರಿಸಿದರೂ ಇವನಿಗೆ ತಿಳಿಯಲಿಲ್ಲ. "ನೀವು ಬಂದರಿಗೆ ಹೋದ್ರೆ ಫೋಟೋ ತೆಗೆದು ಕಳಿಸ್ತೀರಾ?" ನಾವು ಚೀಟಿಯನ್ನು ಅವನ ಕೈಗೇ ಕೊಟ್ಟು, "ಪೆರ್ನಾಲಿಗೆ ನೀನೇ ಬಾ, ಅಜ್ಜನ ಕೈಹಿಡಿದು ಹೋಗಿ ಮುಟ್ಟಿ ನೋಡು," ಎಂದೆವು. ಬಾಪ ಬಸ್ಸಿನ ಚಾರ್ಜು ಲೆಕ್ಕ ಹಾಕಲು ಶುರು ಮಾಡಿದರು. ಉಮ್ಮ ಆಗಲೇ ಬ್ಯಾಗು ಎಲ್ಲಿದೆ ಎಂದು ಹುಡುಕುತ್ತಿದ್ದರು.

ಓದುಗರ ಮನೆಯಲ್ಲೂ ಇಂಥ ಅಜ್ಜ ಅಜ್ಜಿ ಇರಬಹುದು. ಈ ವಾರ ಫೋನ್ ಮಾಡಿದಾಗ ಊಟ ಆಯ್ತಾ ಎಂದು ಕೇಳಿದ ಮೇಲೆ, ಯಾವ ಮೀನು ಎಂದೂ ಕೇಳಿ. ಮಕ್ಕಳ ಕೈಗೆ ಫೋನ್ ಕೊಡಿ.